ಉಬ್ಬಿದ ಬ್ಯಾಟರಿ, ತಗಡಿನ ಶೆಡ್ಡು ಮತ್ತು ಫ್ರಿಜ್

ಪ್ರಶ್ನೆ (ಸಂಕ್ಷಿಪ್ತ): ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರದ ಹಳ್ಳಿಯಲ್ಲಿ ನಮ್ಮದು ದ್ರಾಕ್ಷಿ ತೋಟ, ಜೊತೆಗೆ ಒಣದ್ರಾಕ್ಷಿ ಮಾಡುವ ಶೆಡ್ಡು. ನನ್ನ ಮೊಬೈಲಿಗೆ ಮೂರು ವರ್ಷ. ಮಾರ್ಚ್ ತಿಂಗಳಿಂದ ಶೆಡ್ಡಿನಲ್ಲಿ ಚಾರ್ಜಿಗೆ ಹಾಕಿದರೆ ‘ತಾಪಮಾನ ಹೆಚ್ಚಾಗಿದೆ, ಚಾರ್ಜಿಂಗ್ ನಿಲ್ಲಿಸಲಾಗಿದೆ’ ಎಂದು ಬರುತ್ತದೆ. ಯಜಮಾನರು ಅದನ್ನು ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆಯುತ್ತಾರೆ, ಮತ್ತೆ ಚಾರ್ಜ್ ಆಗುತ್ತದೆ. ಮಗ ಚಾರ್ಜಿಗೆ ಹಾಕಿಕೊಂಡೇ ಆಟ ಆಡುತ್ತಾನೆ. ಎಂಟು ದಿನದಿಂದ ಪರದೆ ಒಂದು ಬದಿಗೆ ಮೇಲೆದ್ದಿದೆ. ಒಂದು ಅಂಗಡಿಯವರು ಒತ್ತಿ ಗಮ್ ಹಾಕಿಕೊಡುತ್ತೇನೆ ಎಂದರು. ಇನ್ನೊಬ್ಬರು ಬ್ಯಾಟರಿ ಬದಲಿಸಬೇಕು ಎಂದರು. ಮೂರನೆಯವರು ಹೊಸ ಮೊಬೈಲನ್ನೇ ತೆಗೆದುಕೊಳ್ಳಿ ಎಂದರು. ವ್ಯಾಪಾರಿಗಳ ನಂಬರ್, ತೂಕದ ಚೀಟಿಗಳ ಫೋಟೋ, ಬ್ಯಾಂಕಿನ ವ್ಯವಹಾರ ಎಲ್ಲವೂ ಅದರಲ್ಲೇ ಇದೆ. ಯಾರ ಮಾತು ಕೇಳಬೇಕು? ತಪ್ಪು ಚಾರ್ಜರಿನದೇ?

ಉತ್ತರ:

ಅಕ್ಕಾವರೇ, ಮುಂದಿನದನ್ನು ಓದುವ ಮೊದಲು ಒಂದು ಕೆಲಸ ಮಾಡಿ. ಮೊಬೈಲ್ ಚಾರ್ಜಿನಲ್ಲಿದ್ದರೆ ಗೋಡೆಯ ಸ್ವಿಚ್ ಆರಿಸಿ, ಆಮೇಲೆ ವೈರ್ ತೆಗೆಯಿರಿ. ಮೊಬೈಲನ್ನು ಪೂರ್ತಿ ಆಫ್ ಮಾಡಿ, ಕವರ್ ಬಿಚ್ಚಿ, ನೆರಳಿರುವ ಕೋಣೆಯಲ್ಲಿ ಬರೀ ಫರಸಿಯ ಮೇಲೆ ಇಡಿ. ಹತ್ತಿರದಲ್ಲಿ ಹಾಸಿಗೆ, ಬಟ್ಟೆ, ಕಾಗದ, ದ್ರಾಕ್ಷಿಯ ಖಾಲಿ ಬಾಕ್ಸು ಯಾವುದೂ ಇರಬಾರದು. ಮಗನ ಕೈಗೂ ಸಿಗಬಾರದು. ಈ ಬ್ಯಾಟರಿಯನ್ನು ಇನ್ನು ಒಂದೇ ಒಂದು ಸಲವೂ ಚಾರ್ಜಿಗೆ ಹಾಕಬೇಡಿ. ‘ಫೋಟೋಗಳನ್ನು ತೆಗೆದುಕೊಳ್ಳುವಷ್ಟು ಮಾತ್ರ ಚಾರ್ಜ್ ಮಾಡುತ್ತೇನೆ’ ಎಂದೂ ಬೇಡ. ಫೋಟೋಗಳ ಚಿಂತೆಗೆ ಬೇರೆ ದಾರಿ ಇದೆ, ಹೇಳುತ್ತೇನೆ.

ಎರಡನೆಯ ಅಂಗಡಿಯವರ ಮಾತು ಸರಿ. ಮೊದಲನೆಯವರ ಮಾತನ್ನು ಮಾತ್ರ ದಯವಿಟ್ಟು ಕೇಳಬೇಡಿ.

ಮಗನ ಮೊಬೈಲಿನಿಂದ ನೀವು ಕಳುಹಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಎಡಬದಿಯಲ್ಲಿ ಪರದೆಗೂ ಚೌಕಟ್ಟಿಗೂ ನಡುವೆ ಒಂದು ಪೋಸ್ಟ್ ಕಾರ್ಡ್ ತೂರುವಷ್ಟು ಸಂದು ಬಿಟ್ಟಿದೆ. ಆ ಸಂದಿನಲ್ಲಿ ಕಪ್ಪು ಅಂಟು ಎಳೆ ಎಳೆಯಾಗಿ ಜಗ್ಗಿ ನಿಂತಿದೆ. ಅಂಟು ಒಣಗಿ ತಾನಾಗಿ ಬಿಟ್ಟಿದ್ದರೆ ಹೀಗೆ ಜಗ್ಗುತ್ತಿರಲಿಲ್ಲ. ಒಳಗಿನಿಂದ ಏನೋ ತಳ್ಳುತ್ತಿದೆ. ಮೊಬೈಲಿನೊಳಗೆ ಹಾಗೆ ದಪ್ಪವಾಗುವ ವಸ್ತು ಬ್ಯಾಟರಿ ಒಂದೇ.

ಬ್ಯಾಟರಿ ಎಂದರೆ ಗಟ್ಟಿ ಇಟ್ಟಿಗೆಯಂಥದ್ದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಬೆಳ್ಳಿ ಬಣ್ಣದ ಒಂದು ಮೆತ್ತಗಿನ ಚೀಲ. ಒಳಗೆ ತಾಮ್ರದ ಹಾಳೆಗೆ ಬಳಿದ ಗ್ರ್ಯಾಫೈಟ್, ಅಲ್ಯೂಮಿನಿಯಂ ಹಾಳೆಗೆ ಬಳಿದ ಲಿಥಿಯಂ ಸಂಯುಕ್ತ, ಇವೆರಡೂ ಒಂದಕ್ಕೊಂದು ತಾಗದಂತೆ ನಡುವೆ ಕೂದಲೆಳೆಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಈ ಮೂರನ್ನೂ ಚಾಪೆ ಸುತ್ತಿದಂತೆ ಸುತ್ತಿ, ಬೇಗ ಬೆಂಕಿ ಹಿಡಿಯುವ ಒಂದು ದ್ರವದಲ್ಲಿ ನೆನೆಸಿ, ಚೀಲದ ಬಾಯಿ ಮುಚ್ಚಿರುತ್ತಾರೆ. ಬಿಸಿ ಹೆಚ್ಚಾದಾಗ, ಅತಿಯಾಗಿ ಚಾರ್ಜ್ ಆದಾಗ ಅಥವಾ ವಯಸ್ಸಾದಾಗ ಆ ದ್ರವ ಒಡೆದು ಅನಿಲವಾಗುತ್ತದೆ. ಹೊರಗೆ ಹೋಗಲು ಅನಿಲಕ್ಕೆ ದಾರಿಯಿಲ್ಲ. ಕೆಟ್ಟ ಹಾಲಿನ ಪ್ಯಾಕೆಟ್ ಉಬ್ಬುವಂತೆ ಚೀಲ ಉಬ್ಬುತ್ತದೆ, ಮೇಲಿರುವ ಪರದೆಯನ್ನು ಎತ್ತುತ್ತದೆ. ಕೆಟ್ಟ ಹಾಲನ್ನು ಪ್ಯಾಕೆಟ್ ಒತ್ತಿ ಯಾರೂ ಸರಿಮಾಡಲಾರರು. ಇದೂ ಹಾಗೆಯೇ.

ಒತ್ತಿದರೆ ಏನಾಗುತ್ತದೆ ಎಂಬುದನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ವಿಜಯಪುರದಲ್ಲಿ ರಿಪೇರಿ ಮೇಜಿನ ಮುಂದೆ ಕುಳಿತು ಹದಿನಾರು ವರ್ಷವಾಯಿತು. ಒಂದು ಬೇಸಿಗೆಯಲ್ಲಿ ಕಾಲೇಜು ಹುಡುಗನೊಬ್ಬ ಉಬ್ಬಿದ ಮೊಬೈಲಿಗೆ ಎರಡೂ ಕಡೆ ಮರದ ಪಟ್ಟಿ ಇಟ್ಟು, ನಾಲ್ಕು ರಬ್ಬರ್ ಬ್ಯಾಂಡ್ ಬಿಗಿದು ತಂದಿದ್ದ. ರಾತ್ರಿಯಿಡೀ ಹಾಗೆಯೇ ಇಟ್ಟಿದ್ದನಂತೆ. ಬ್ಯಾಂಡ್ ಬಿಚ್ಚಿ ಪರದೆ ಎತ್ತುತ್ತಿದ್ದಂತೆ ಉಗುರುಬಣ್ಣ ಅಳಿಸುವ ದ್ರವದಂಥ ಸಿಹಿಯಾದ ವಾಸನೆ ಮೂಗಿಗೆ ಬಡಿಯಿತು. ಚೀಲದ ಅಂಚಿನಲ್ಲಿ ಪಟ್ಟಿಯ ತುದಿ ಒತ್ತಿದ ಕಡೆ ಒಂದು ಮಡಿಕೆ, ಆ ಮಡಿಕೆಯ ಮೇಲೆ ಸಾಸಿವೆ ಕಾಳಿನಷ್ಟು ಒದ್ದೆ. ಪ್ಲಾಸ್ಟಿಕ್ ಇಕ್ಕಳದಲ್ಲಿ ಹಿಡಿದು ಹೊರಗಿಟ್ಟ ಉಸುಕಿನ ಬಕೆಟ್ಟಿಗೆ ಹಾಕಿ ನಾಲ್ಕು ಹೆಜ್ಜೆ ಹಿಂದೆ ಬಂದೆ. ಎರಡು ನಿಮಿಷವೂ ಆಗಿರಲಿಲ್ಲ, ಬಕೆಟ್ಟಿನಿಂದ ಬಿಳಿ ಹೊಗೆ ಬುಸುಗುಟ್ಟಿತು. ಅದು ರಾತ್ರಿ ಹುಡುಗನ ದಿಂಬಿನ ಪಕ್ಕದಲ್ಲಿ ಆಗಿದ್ದರೆ ಎಂದು ಈಗಲೂ ನೆನೆದರೆ ಎದೆ ಝಲ್ ಎನ್ನುತ್ತದೆ. ಒತ್ತಡಕ್ಕೆ ನಡುವಿನ ತೆಳು ಪೊರೆ ಹರಿದರೆ ಎರಡು ಹಾಳೆಗಳು ನೇರ ತಾಗುತ್ತವೆ, ಶಾರ್ಟ್ ಆಗುತ್ತದೆ, ಒಂದು ಕಡೆಯ ಬಿಸಿ ಪಕ್ಕದ ಪದರಕ್ಕೆ ಹತ್ತಿಕೊಂಡು ಹೋಗುತ್ತದೆ. ಒಮ್ಮೆ ಶುರುವಾದರೆ ಅದನ್ನು ತಡೆಯುವುದು ಕಷ್ಟ. 2016ರಲ್ಲಿ ಸ್ಯಾಮ್‌ಸಂಗ್ ಕಂಪನಿ ತನ್ನ ನೋಟ್ 7 ಮೊಬೈಲುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದದ್ದು ಬ್ಯಾಟರಿಯೊಳಗಿನ ಇಂಥ ಶಾರ್ಟ್‌ನಿಂದಲೇ.

ಇನ್ನು ನಿಮ್ಮ ಬ್ಯಾಟರಿ ಏಕೆ ಉಬ್ಬಿತು ಎಂಬುದಕ್ಕೆ ಬರೋಣ.

ಇದನ್ನು ನಿಮಗೆ ವಿವರಿಸುವುದು ನನಗೆ ಸುಲಭ. ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದ ಮೇಲೆ ನೀವು ಬಯಲು ಬಿಸಿಲಿಗೆ ಹರಡುವುದಿಲ್ಲ. ಮೇಲೆ ತಗಡು, ಬದಿಗೆ ಹಸಿರು ನೆಟ್, ನಡುವೆ ಅಂತಸ್ತು ಅಂತಸ್ತಾಗಿ ಜಾಳಿಗೆ ಕಟ್ಟಿ, ನೆರಳಿನಲ್ಲಿ ಗಾಳಿಗೆ ಒಣಗಿಸುತ್ತೀರಿ. ಬಿಸಿಲು ನೇರ ಬಿದ್ದರೆ ಹಸಿರು ಬಣ್ಣ ಹೋಗಿ ಕಾಯಿ ಕಂದುಗಟ್ಟುತ್ತದೆ, ದರ ಬೀಳುತ್ತದೆ. ದ್ರಾಕ್ಷಿಗೆ ಕೊಡುವ ಆ ನೆರಳನ್ನು ಮೊಬೈಲಿಗೆ ಕೊಟ್ಟಿಲ್ಲ. ಶೆಡ್ಡಿನೊಳಗೆ ಸ್ವಿಚ್ ಬೋರ್ಡ್ ತಗಡಿಗೆ ಹತ್ತಿರವಿರುವ ಮೇಲಿನ ಅಡ್ಡಪಟ್ಟಿಯಲ್ಲಿದೆ ಎಂದು ಬರೆದಿದ್ದೀರಿ. ಏಪ್ರಿಲ್ ಮಧ್ಯಾಹ್ನ ನಮ್ಮ ಜಿಲ್ಲೆಯಲ್ಲಿ ನೆರಳಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಕಾದ ತಗಡಿನ ಕೆಳಗೆ ಅದಕ್ಕಿಂತ ಹೆಚ್ಚು. ಮೊಬೈಲಿನಲ್ಲಿರುವಂಥ ಲಿಥಿಯಂ ಅಯಾನ್ ಬ್ಯಾಟರಿಯನ್ನು ಚಾರ್ಜ್ ಮಾಡಲು ಸಾಮಾನ್ಯವಾಗಿ ಇಟ್ಟಿರುವ ಮೇಲಿನ ಮಿತಿ 45 ಡಿಗ್ರಿ, ಅದೂ ಬ್ಯಾಟರಿಯ ಒಳಗಿನ ಬಿಸಿ. ತನ್ನ ಐಫೋನ್ ಬಳಸುವ ಜಾಗದ ತಾಪಮಾನ 0ಯಿಂದ 35 ಡಿಗ್ರಿಯ ಒಳಗಿರಬೇಕು ಎಂದು ಆಪಲ್ ಕಂಪನಿ ಹೇಳುತ್ತದೆ. ಅಂದರೆ ನಮ್ಮ ಬೇಸಿಗೆಯ ಮಧ್ಯಾಹ್ನಗಳು ಆ ಲೆಕ್ಕದ ಹೊರಗೇ ಉಳಿಯುತ್ತವೆ.

ಅದರ ಮೇಲೆ ಚಾರ್ಜ್ ಆಗುವಾಗ ಬ್ಯಾಟರಿ ತಾನೂ ಬಿಸಿಯಾಗುತ್ತದೆ. ಮಗ ಆಟ ಆಡಿದರೆ ಪ್ರೊಸೆಸರಿನ ಬಿಸಿ ಸೇರುತ್ತದೆ. ಇನ್ನೊಂದು ಬಿಸಿ ಯಾರ ಕಣ್ಣಿಗೂ ಬೀಳುವುದಿಲ್ಲ. ತಗಡು ಸಿಗ್ನಲ್ಲನ್ನು ತಡೆಯುತ್ತದೆ. ಸಿಗ್ನಲ್ ಕ್ಷೀಣವಾದಷ್ಟೂ ಮೊಬೈಲ್ ದೂರದ ಟವರ್ ಮುಟ್ಟಲು ಹೆಚ್ಚು ಶಕ್ತಿ ಸುರಿಯುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಶೆಡ್ಡಿನಲ್ಲಿ ಒಂದೇ ಕಡ್ಡಿ ಸಿಗ್ನಲ್ ಎಂದು ನೀವು ಬರೆದದ್ದನ್ನು ಓದಿದಾಗಲೇ ಇದು ನನಗೆ ಹೊಳೆಯಿತು. ಮೇಲೆ ದಪ್ಪ ರಬ್ಬರಿನ ಕವರ್ ಬೇರೆ. ಇಷ್ಟೂ ಬಿಸಿ ಹೊರಗೆ ಹೋಗದಂತೆ ಕಂಬಳಿ ಹೊದಿಸಿದ ಹಾಗೆ.

ಬಿಸಿ ಒಂದು ದಿನದಲ್ಲಿ ಬ್ಯಾಟರಿಯನ್ನು ಕೆಡಿಸುವುದಿಲ್ಲ, ತಿಂಗಳು ತಿಂಗಳು ಕೊರೆಯುತ್ತದೆ. ಪೂರ್ತಿ ಚಾರ್ಜ್ ಮಾಡಿ ಒಂದು ವರ್ಷ ಸುಮ್ಮನೆ ಇಟ್ಟ ಬ್ಯಾಟರಿಯಲ್ಲಿ 25 ಡಿಗ್ರಿಯಲ್ಲಾದರೆ ಸುಮಾರು 80 ಶೇಕಡಾ ಸಾಮರ್ಥ್ಯ ಉಳಿಯುತ್ತದೆ, 40 ಡಿಗ್ರಿಯಲ್ಲಾದರೆ ಸುಮಾರು 65. ಅದೇ 40 ಡಿಗ್ರಿಯಲ್ಲಿ, ಅರ್ಧಕ್ಕಿಂತ ಸ್ವಲ್ಪ ಕಡಿಮೆ ಚಾರ್ಜ್ ಇಟ್ಟರೆ 85ರ ಹತ್ತಿರ ಉಳಿಯುತ್ತದೆ. ಬ್ಯಾಟರಿ ಕ್ಷೇತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು ಇದು. ಬಿಸಿ ಮತ್ತು ತುಂಬಿದ ಚಾರ್ಜ್ ಎರಡೂ ಒಟ್ಟಿಗೆ ಸೇರಿದಾಗಲೇ ಬ್ಯಾಟರಿ ಬೇಗ ಸಾಯುತ್ತದೆ ಎಂಬುದನ್ನು ಈ ಅಂಕಿಗಳಲ್ಲಿ ಕಾಣಬಹುದು. ಬೆಳಗ್ಗೆ ಎಂಟಕ್ಕೆ ಶೆಡ್ಡಿನಲ್ಲಿ ಹಾಕಿ, ನೂರಾದ ಮೇಲೂ ಸಂಜೆಯವರೆಗೆ ಅಲ್ಲೇ ಬಿಟ್ಟಿದ್ದರೆ ಮೂರು ಬೇಸಿಗೆಗೆ ಇದು ಆಗಬೇಕಾದದ್ದೇ.

ಹಾಗಾದರೆ ‘ಚಾರ್ಜಿಂಗ್ ನಿಲ್ಲಿಸಲಾಗಿದೆ’ ಎಂಬ ಸೂಚನೆ ದೋಷವಲ್ಲ. ಬ್ಯಾಟರಿಯ ಜೊತೆಗೇ ಬಿಸಿ ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ. ಅದು ಹೇಳಿದ್ದಕ್ಕೆ ಮೊಬೈಲ್ ಚಾರ್ಜ್ ನಿಲ್ಲಿಸಿತು. ಮಾರ್ಚ್ ತಿಂಗಳಿಂದ ಅದು ನಿಮ್ಮನ್ನು ಎಚ್ಚರಿಸುತ್ತಲೇ ಇತ್ತು.

ಯಜಮಾನರು ಫ್ರಿಜ್‌ನಲ್ಲಿ ಇಟ್ಟದ್ದು ಒಳ್ಳೆಯ ಮನಸ್ಸಿನಿಂದಲೇ, ಆದರೆ ಅದು ಬೇಡ. ಫ್ರಿಜ್‌ನಿಂದ ತೆಗೆದ ನೀರಿನ ತಂಬಿಗೆಯ ಹೊರಮೈ ಬೆವರುವುದನ್ನು ದಿನಾ ನೋಡುತ್ತೀರಿ. ಅದೇ ಬೆವರು ಮೊಬೈಲಿನ ಒಳಗಿನ ಸರ್ಕ್ಯೂಟಿನ ಮೇಲೂ ಕೂರುತ್ತದೆ. ಪರದೆ ಎದ್ದು ಸಂದು ಬಿಟ್ಟ ಮೇಲಂತೂ ಗಾಳಿ ಸಲೀಸಾಗಿ ಒಳಗೆ ಹೋಗುತ್ತದೆ. ಹಾಗೆ ಬೆವರಿದ ಮೊಬೈಲನ್ನೇ ಕೂಡಲೇ ವಿದ್ಯುತ್ತಿಗೆ ಜೋಡಿಸಿದ್ದೀರಿ. ಸರಿಯಿರುವ ಮೊಬೈಲ್ ಬಿಸಿಯಾದರೆ ಕವರ್ ತೆಗೆದು, ಆಫ್ ಮಾಡಿ, ಫ್ಯಾನಿನ ಕೆಳಗೆ ಫರಸಿಯ ಮೇಲೆ ಇಡಿ. ನಮ್ಮ ಮನೆಗಳ ಶಹಾಬಾದ್ ಕಲ್ಲು ಮಧ್ಯಾಹ್ನವೂ ಅಂಗಾಲಿಗೆ ತಂಪಾಗಿರುತ್ತದೆ, ಕಾಲು ಗಂಟೆಯಲ್ಲಿ ಬಿಸಿ ಎಳೆದುಕೊಳ್ಳುತ್ತದೆ. ಒದ್ದೆ ಬಟ್ಟೆ ಸುತ್ತುವುದೂ ಬೇಡ, ಮಡಕೆಗೆ ಆನಿಸಿಡುವುದೂ ಬೇಡ.

ಚಾರ್ಜರಿನ ಪಾತ್ರ ಇಲ್ಲಿ ಚಿಕ್ಕದು. ಹೊಲದ ಲೈನಿನಲ್ಲಿ ವೋಲ್ಟೇಜ್ ಏರಿಳಿಯುತ್ತದೆ ಎಂಬ ನಿಮ್ಮ ಅನುಮಾನ ಸಹಜ. ಆದರೆ ಮೊಬೈಲ್ ಜೊತೆಗೆ ಬರುವ ಚಾರ್ಜರುಗಳು 100ರಿಂದ 240 ವೋಲ್ಟ್‌ವರೆಗೆ ಏನೇ ಬಂದರೂ ನಿಭಾಯಿಸುತ್ತವೆ. ಚಾರ್ಜರಿನ ಮೈಮೇಲೆ ಸಣ್ಣ ಅಕ್ಷರದಲ್ಲಿ ಅದು ಬರೆದಿರುತ್ತದೆ, ಓದಿ ನೋಡಿ. ಬರೆದಿಲ್ಲದಿದ್ದರೆ, ಅಥವಾ ಸಂತೆಯಲ್ಲಿ ಕೊಂಡ ಹೆಸರಿಲ್ಲದ ಚಾರ್ಜರ್ ಆಗಿದ್ದರೆ ಇವತ್ತೇ ಬಿಟ್ಟುಬಿಡಿ.

ಈಗ ನಿಮ್ಮ ಫೋಟೋ, ನಂಬರು, ಹಣದ ಮಾತು. ಇವು ಯಾವುವೂ ಬ್ಯಾಟರಿಯಲ್ಲಿ ಇರುವುದಿಲ್ಲ. ಮದರ್‌ಬೋರ್ಡಿನ ಮೆಮೊರಿ ಚಿಪ್ಪಿನಲ್ಲಿ ಇರುತ್ತವೆ. ಬ್ಯಾಟರಿ ತೆಗೆದು ಹೊಸದು ಹಾಕಿದರೆ ಒಂದು ಚೀಟಿಯ ಫೋಟೋ ಕೂಡ ಅಳಿಯುವುದಿಲ್ಲ. ‘ಡೇಟಾ ಹೋಗುತ್ತದೆ, ರೀಸೆಟ್ ಮಾಡಬೇಕಾಗುತ್ತದೆ’ ಎಂದು ಯಾರಾದರೂ ಹೇಳಿದರೆ ಆ ಅಂಗಡಿಯಿಂದ ಎದ್ದು ಬನ್ನಿ. ವ್ಯಾಪಾರಿಗಳ ನಂಬರುಗಳನ್ನು ಗೂಗಲ್ ಖಾತೆಯಲ್ಲಿ ಉಳಿಸಿದ್ದರೆ ಅದೇ ಖಾತೆಯಿಂದ ಮನೆಯ ಇನ್ನೊಂದು ಮೊಬೈಲಿನಲ್ಲಿ ಪ್ರವೇಶಿಸಿ ನೋಡಿ, ಅಲ್ಲೇ ಸಿಗುತ್ತವೆ. ಸಿಮ್ ತೆಗೆದು ಯಜಮಾನರ ಮೊಬೈಲಿಗೆ ಹಾಕಿಕೊಂಡರೆ ಕರೆ, ಓಟಿಪಿ ಬರುತ್ತವೆ. ಯುಪಿಐ ಆ್ಯಪನ್ನು ಅದರಲ್ಲಿ ಹೊಸದಾಗಿ ನೋಂದಾಯಿಸಿಕೊಳ್ಳಬಹುದು. ಆ ಸಿಮ್‌ನಿಂದ ಒಂದು ಎಸ್‌ಎಂಎಸ್ ಹೋಗಿ ಗುರುತು ಖಚಿತವಾಗುತ್ತದೆ, ಹಳೆಯ ಪಿನ್ ಹಾಗೇ ನಡೆಯುತ್ತದೆ. ಸಿಮ್ ಟ್ರೇ ಸಲೀಸಾಗಿ ಬರದಿದ್ದರೆ ಮಾತ್ರ ಬಲ ಹಾಕಬೇಡಿ, ಉಬ್ಬಿದ ಚೀಲ ಟ್ರೇಗೆ ತಾಗಿರಬಹುದು.

ಮೊಬೈಲನ್ನು ಪೇಟೆಗೆ ತರುವಾಗ ಬಿಗಿಯಾದ ಜೇಬಿನಲ್ಲಿ, ಚೀಲದ ತಳದಲ್ಲಿ, ಬಿಸಿಲಿಗೆ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ ಇಡಬೇಡಿ. ಒಂದು ಸ್ಟೀಲ್ ಡಬ್ಬಿಯ ತಳಕ್ಕೆ ಒಣ ಉಸುಕು ಹಾಕಿ, ಅದರ ಮೇಲೆ ಕಾಗದದಲ್ಲಿ ಸುತ್ತದೆ ಬರೀ ಮೊಬೈಲ್ ಇಟ್ಟು, ಮುಚ್ಚಳವನ್ನು ಸಡಿಲವಾಗಿ ಮುಚ್ಚಿ ಬೆಳಗಿನ ತಂಪಿನಲ್ಲೇ ತನ್ನಿ. ಕೊರಿಯರ್ ಮಾಡಬೇಡಿ. ದಾರಿಯಲ್ಲಿ ಸಿಹಿ ವಾಸನೆ ಬಂದರೆ, ಬಿಸಿ ಏರಿದರೆ, ಬುಸ್ ಎಂಬ ಸದ್ದು ಕೇಳಿದರೆ ಡಬ್ಬಿಯನ್ನು ಬಯಲಿನಲ್ಲಿಟ್ಟು ದೂರ ಸರಿಯಿರಿ. ಆ ಹೊಗೆ ವಿಷ, ಉಸಿರಾಡಬಾರದು. ಮನೆಯೊಳಗೇ ಹೊತ್ತಿಕೊಂಡರೆ ಮೊದಲು ಎಲ್ಲರೂ ಹೊರಗೆ ಬಂದು 112ಕ್ಕೆ ಕರೆ ಮಾಡಿ.

ಹೊಸ ಬ್ಯಾಟರಿಯ ವಿಷಯದಲ್ಲಿ ಅವಸರ ಬೇಡ. ನಿಮ್ಮ ಮೊಬೈಲ್ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಮೊದಲು ಹೋಗಿ, ಅಲ್ಲಿ ಬ್ಯಾಟರಿ ಸಿಗದಿದ್ದರೆ ಮಾತ್ರ ಹೊರಗಿನ ಅಂಗಡಿ. ಹೊರಗೆ ಹಾಕಿಸುವಾಗ ಬ್ಯಾಟರಿಯನ್ನು ಕೈಯಲ್ಲಿ ಹಿಡಿದು ನೋಡಿ. ನಮ್ಮ ದೇಶದಲ್ಲಿ ಮಾರುವ ಮೊಬೈಲ್ ಬ್ಯಾಟರಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊದ ನೋಂದಣಿ ಕಡ್ಡಾಯ. ಅದರ ಮೇಲೆ ಐಎಸ್ 16046 ಎಂಬ ಸಂಖ್ಯೆ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಎಂಬ ಸರ್ಕಾರಿ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಅದು ಯಾವ ತಯಾರಕರದು ಎಂದು ಬರುತ್ತದೆ. ಅಂಗಡಿಯಲ್ಲೇ ನಿಂತು ನೋಡಿ, ಸಂಕೋಚಪಡಬೇಡಿ. ನಿಮ್ಮ ಮೊಬೈಲಿನ ಮೂಲ ಬ್ಯಾಟರಿಯ ಸಾಮರ್ಥ್ಯ 5000 ಎಂಎಎಚ್. ಅದೇ ಗಾತ್ರದ ಬ್ಯಾಟರಿಯ ಮೇಲೆ 6500 ಎಂದು ಬರೆದಿದ್ದರೆ ನಂಬಬೇಡಿ. ತಯಾರಾದ ತಿಂಗಳು ಹಳೆಯದಾಗಿದ್ದರೂ ಬೇಡ, ವರ್ಷಗಟ್ಟಲೆ ಕಪಾಟಿನಲ್ಲಿ ಕುಳಿತ ಬ್ಯಾಟರಿ ಹೊಸದೆನಿಸಿಕೊಳ್ಳುವುದಿಲ್ಲ. ಕೆಲಸ ಕಣ್ಣೆದುರಿಗೇ ಆಗಲಿ. ಬಿಲ್ ಮೇಲೆ ಗ್ಯಾರಂಟಿಯ ಅವಧಿ ಬರೆಸಿಕೊಳ್ಳಿ. ಲಾಕ್ ತೆರೆಯುವ ಪಿನ್ ಕೇಳಿದರೆ ಕೊಡಬೇಡಿ, ಪರೀಕ್ಷೆಗೆ ಬೇಕಾದಾಗ ನೀವೇ ತೆರೆದು ತೋರಿಸಿ. ಯುಪಿಐ ಪಿನ್ನಂತೂ ಯಾರಿಗೂ ಇಲ್ಲ. ಮೊಬೈಲನ್ನು ಬಿಟ್ಟುಬರಬೇಕಾದರೆ, ಕೆಲವು ಮೊಬೈಲುಗಳಲ್ಲಿ ರಿಪೇರಿಗೆಂದೇ ಒಂದು ಮೋಡ್ ಇದೆ, ಅದನ್ನು ಹಾಕಿ ಕೊಟ್ಟರೆ ಒಳಗಿನ ಫೋಟೋ, ಸಂದೇಶ ಯಾರಿಗೂ ಕಾಣುವುದಿಲ್ಲ. ಒಮ್ಮೆ ಬಿಚ್ಚಿದ ಮೊಬೈಲಿಗೆ ಮೊದಲಿನಂತೆ ನೀರು ತಡೆಯುವ ಗುಣ ಇರುವುದಿಲ್ಲ, ಮಳೆಗಾಲದಲ್ಲಿ ಅದು ನೆನಪಿರಲಿ.

ಹೊಸ ಮೊಬೈಲ್ ಕೊಳ್ಳಬೇಕೇ? ನನ್ನ ಅಭಿಪ್ರಾಯದಲ್ಲಿ ಬೇಡ. ಪರದೆ ಒಡೆದಿಲ್ಲ, ಮೂರು ವರ್ಷದ ಯಂತ್ರ ಇನ್ನೂ ಎರಡು ವರ್ಷ ದುಡಿಯಬಲ್ಲದು. ಸೆಟ್ಟಿಂಗ್ಸ್‌ನಲ್ಲಿ ಭದ್ರತಾ ಅಪ್‌ಡೇಟ್ ಕೊನೆಯ ಸಲ ಬಂದದ್ದು ಯಾವಾಗ ಎಂದು ನೋಡಿ. ಬಂದು ವರ್ಷದ ಮೇಲಾಗಿದ್ದರೆ, ಬ್ಯಾಂಕಿನ ವ್ಯವಹಾರ ಅದರಲ್ಲೇ ನಡೆಸುತ್ತೀರಾದ್ದರಿಂದ, ಆಗ ಮಾತ್ರ ಬದಲಿಸುವ ಯೋಚನೆ ಮಾಡಿ. ದ್ರಾಕ್ಷಿಯ ಹಣ ಕೈಗೆ ಬರುವ ಮೊದಲು ಸಾಲ ಮಾಡಿ ಮೊಬೈಲ್ ಕೊಳ್ಳುವ ಅಗತ್ಯವಿಲ್ಲ.

ಹೊಸ ಬ್ಯಾಟರಿ ಬಂದ ಮೇಲೆ ಶೆಡ್ಡಿನಲ್ಲಿ ಚಾರ್ಜ್ ಮಾಡುವುದನ್ನು ಬಿಡಬೇಕು. ಬೆಳಗಿನ ಜಾವ ನೀವು ಏಳುವ ಹೊತ್ತಿಗೆ ಮನೆಯೊಳಗೆ, ಕವರ್ ತೆಗೆದು, ಕಲ್ಲಿನ ಮೇಲಿಟ್ಟು ಹಾಕಿ. ನಮ್ಮ ಊರುಗಳಲ್ಲಿ ದಿನದ ಅತಿ ತಂಪಾದ ಹೊತ್ತು ಅದೇ. ಬ್ಯಾಟರಿಯ ಸೆಟ್ಟಿಂಗ್ಸ್‌ನಲ್ಲಿ ಚಾರ್ಜನ್ನು 80 ಶೇಕಡಾಕ್ಕೆ ನಿಲ್ಲಿಸುವ ಆಯ್ಕೆ ಈಗ ಅನೇಕ ಮೊಬೈಲುಗಳಲ್ಲಿದೆ, ಬೇಸಿಗೆ ಮುಗಿಯುವವರೆಗೆ ಅದನ್ನು ಹಾಕಿಡಿ. ಶೆಡ್ಡಿನಲ್ಲಿ ಸಿಗ್ನಲ್ ಇಲ್ಲದಾಗ ಇಂಟರ್‌ನೆಟ್ ಆರಿಸಿ. ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿ ಬಿಸಿಲಿನಲ್ಲಿ ಹೋಗುವುದೂ ಒಳ್ಳೆಯದಲ್ಲ. ಬಿಸಿಲು ಒಂದು ಕಡೆಯಾದರೆ, ಬೈಕಿನ ಎಂಜಿನ್ನಿನ ನಡುಕ ಕ್ಯಾಮೆರಾವನ್ನು ಕೆಡಿಸಬಹುದು ಎಂದು ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿತ್ತು. ಮಗನಿಗೆ ಆಟ ಬೇಡವೇ ಬೇಡ ಎಂದರೆ ನಡೆಯುವುದಿಲ್ಲ. ವೈರ್ ತೆಗೆದ ಮೇಲೆ ಆಡು ಎನ್ನಿ, ಅಷ್ಟು ಸಾಕು.

ತೆಗೆದ ಹಳೆಯ ಬ್ಯಾಟರಿಯನ್ನು ಮನೆಗೆ ತರಬೇಡಿ, ತಿಪ್ಪೆಗೂ ಪಂಚಾಯಿತಿಯ ಕಸದ ಗಾಡಿಗೂ ಹಾಕಬೇಡಿ. ಕಸದಲ್ಲಿ ಒತ್ತಿ ಹೋದರೆ ಗಾಡಿಯಲ್ಲೇ ಬೆಂಕಿ ಹೊತ್ತಿಕೊಳ್ಳಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರದು. ಆದ್ದರಿಂದ ಸರ್ವಿಸ್ ಸೆಂಟರಿನಲ್ಲೇ ಬಿಟ್ಟು ಬನ್ನಿ.

ಮತ್ತೊಂದು ಸಣ್ಣ ಪರೀಕ್ಷೆ, ಮನೆಯ ಉಳಿದ ಮೊಬೈಲುಗಳಿಗೂ ಮಾಡಿ ನೋಡಿ. ಕವರ್ ತೆಗೆದು, ನುಣುಪಾದ ಫರಸಿಯ ಮೇಲೆ ಬೆನ್ನು ಕೆಳಗಾಗಿಟ್ಟು, ಒಂದು ಮೂಲೆಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ. ಬೆನ್ನು ಸಮತಟ್ಟಾಗಿದ್ದರೆ ಸ್ವಲ್ಪ ಸರಿದು ನಿಲ್ಲುತ್ತದೆ. ಒಳಗೆ ಉಬ್ಬು ಶುರುವಾಗಿದ್ದರೆ ಬುಗುರಿಯಂತೆ ನಡುವಿನ ಮೇಲೆ ಗಿರಗಿರ ತಿರುಗುತ್ತದೆ. ಕ್ಯಾಮೆರಾ ಎದ್ದು ನಿಂತಿರುವ ಮೊಬೈಲುಗಳನ್ನು ಪರದೆ ಕೆಳಗಾಗಿಟ್ಟು ನೋಡಿ. ಯಜಮಾನರ ಮೊಬೈಲಿಗೆ ನಾಲ್ಕು ವರ್ಷ ಎಂದಿದ್ದೀರಿ. ಸಿಮ್ ಅದಕ್ಕೆ ಹಾಕುವ ಮೊದಲು ಅದನ್ನೂ ಒಮ್ಮೆ ತಿರುಗಿಸಿ ನೋಡಿಬಿಡಿ.